ಚೌಕಾಬಾರದಲ್ಲಿ ಎರಡೇ ಯಾಕೆ ಹೆಚ್ಚು ಬೀಳುತ್ತದೆ?

ಪ್ರಶ್ನೆ: ಚೌಕಾಬಾರ ಆಡುವಾಗ ಎರಡರ ಗರ ಪದೇ ಪದೇ ಬೀಳುತ್ತದೆ, ಚೌಕ, ಬಾರ ಅಪರೂಪ. ಯಾಕೆ?
(ಓದುಗರು, ಗಾಂಧಿನಗರ, ಬಳ್ಳಾರಿ)

ಗೋಡೆಯ ಮೇಲಿನ ನಾಲ್ಕು ಸ್ವಿಚ್ಚುಗಳ ಬೋರ್ಡ್ ನೋಡಿ. ನಾಲ್ಕನ್ನೂ ಹಾಕಲು ಒಂದೇ ದಾರಿ, ನಾಲ್ಕನ್ನೂ ಆರಿಸಲೂ ಒಂದೇ. ಯಾವುದಾದರೂ ಎರಡನ್ನಷ್ಟೇ ಹಾಕಲು ಆರು ದಾರಿಗಳಿವೆ. ಆಟದ ನಾಲ್ಕು ಕವಡೆಗಳದ್ದೂ ಇದೇ ಲೆಕ್ಕ. ಒಂದೊಂದೂ ಅಂಗಾತವೋ ಬೋರಲೋ ಬೀಳುವುದರಿಂದ ಒಟ್ಟು 16 ಬಗೆ. ಎರಡಕ್ಕೆ 6, ಒಂದಕ್ಕೆ, ಮೂರಕ್ಕೆ ತಲಾ 4, ಚೌಕಕ್ಕೆ (4), ಬಾರಕ್ಕೆ (8) ತಲಾ 1. ಈ 16 ಬಗೆಗಳಲ್ಲಿ ಸಿಗುವ ಮನೆಗಳನ್ನೆಲ್ಲ ಕೂಡಿದರೆ 40, ಸರಾಸರಿ ಗರಕ್ಕೆ ಎರಡೂವರೆ. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಗರ ಕೊಡುವ ನಿಯಮ ನ್ಯಾಯವಾದದ್ದೇ!

ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಹಾಗಾಗಿ ಈ ಲೆಕ್ಕ ತುಸು ಅತ್ತಿತ್ತ ಆಗುತ್ತದೆ. ನಿಮ್ಮ ಕವಡೆಗಳನ್ನೇ ನೂರು ಸಲ ಹಾಕಿ, ಬರೆದಿಟ್ಟು ನೋಡಿ.