ಬಾತ್‌ಟಬ್ ಕಾರ್ಟೂನ್ ತುರ್ತು ಪರಿಸ್ಥಿತಿ ಘೋಷಣೆಯದ್ದೇ?

ಜೂನ್ 25 ಬಂದರೆ ನಮ್ಮ ಹೇಮಗುಡ್ಡದ ವಾಟ್ಸ್‌ಆ್ಯಪ್ ಗ್ರೂಪಿಗೂ ಈ ವ್ಯಂಗ್ಯಚಿತ್ರ ಬರುತ್ತದೆ. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಬಾತ್‌ಟಬ್‌ನಲ್ಲಿ ಕುಳಿತೇ ಸಹಿ ಹಾಕಿ ಕಾಗದವನ್ನು ಬಾಗಿಲಾಚೆಗೆ ಕೊಡುತ್ತಿದ್ದಾರೆ. ಜೊತೆಗೊಂದು ಒಕ್ಕಣೆ: ‘ತುರ್ತು ಪರಿಸ್ಥಿತಿಗೆ ಸಹಿ ಬಿದ್ದದ್ದು ಹೀಗೆ!’

ಚಿತ್ರ ಅಸಲಿ, ಒಕ್ಕಣೆ ತಪ್ಪು. ಆ ಘೋಷಣೆಗೆ ಸಹಿ ಬಿದ್ದದ್ದು 1975ರ ಜೂನ್ 25ರ ರಾತ್ರಿ. ಅಬು ಅಬ್ರಹಾಂ ಅವರ ಈ ಚಿತ್ರ ‘ಇಂಡಿಯನ್ ಎಕ್ಸ್‌ಪ್ರೆಸ್’ನಲ್ಲಿ ಬಂದದ್ದು ಅದೇ ವರ್ಷ ಡಿಸೆಂಬರ್ 10ರಂದು. ಇನ್ನೂ ಸುಗ್ರೀವಾಜ್ಞೆಗಳಿದ್ದರೆ ಕಾಯಲು ಹೇಳಿ ಎನ್ನುತ್ತಾರೆ ಚಿತ್ರದ ರಾಷ್ಟ್ರಪತಿ. ಸಂಸತ್ತಿನಲ್ಲಿ ಚರ್ಚೆಯಾಗುವ ಮೊದಲೇ ಜಾರಿಯಾಗುವ ಕಾನೂನು ಅದು. ವಿಚಾರಣೆಯಿಲ್ಲದೆ ಜೈಲಿಗೆ ಹಾಕುವ ಮೀಸಾ ಕಾಯ್ದೆಯನ್ನು ಆ ವರ್ಷ ಬಿಗಿ ಮಾಡಿದ್ದೂ ಸುಗ್ರೀವಾಜ್ಞೆಗಳಿಂದಲೇ.

ಕರಾಳ ಹಾಸ್ಯ ಅನ್ನುವುದು ಇದಕ್ಕೇ. ಚಿತ್ರದಲ್ಲಿ ಬೈಗುಳವಿಲ್ಲ, ಸ್ನಾನಕ್ಕೆ ಕೂತವರ ಗೊಣಗಾಟ ಅಷ್ಟೆ. ಮೊದಲು ನಗು ಬರುತ್ತದೆ. ಆ ಕಾಗದದಿಂದ ಯಾರ ಮನೆಯವರು ಒಳಗೆ ಹೋದರೋ ಎಂಬುದು ಆಮೇಲೆ ಹೊಳೆಯುತ್ತದೆ.

ಆಗ ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ‘ಶಂಕರ್ಸ್ ವೀಕ್ಲಿ’ ಆಗಸ್ಟ್‌ನಲ್ಲೇ ನಿಂತಿತ್ತು. ಅಬು ಸ್ವತಃ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದರು, ಆದರೂ ಬರೆದರು. ಅವರ ಎಲ್ಲ ಚಿತ್ರಗಳೂ ಪಾರಾಗಲಿಲ್ಲ. ಸೆನ್ಸಾರ್ ತಡೆದಂಥವು 1977ರಲ್ಲಿ ‘ದಿ ಗೇಮ್ಸ್ ಆಫ್ ಎಮರ್ಜೆನ್ಸಿ’ ಪುಸ್ತಕದಲ್ಲಿ ಹೊರಬಂದವು.

ಫಾರ್ವರ್ಡ್ ಮಾಡುವುದಿದ್ದರೆ ಮಾಡಿ, ಒಕ್ಕಣೆ ಮಾತ್ರ ತೆಗೆದುಬಿಡಿ.