‘ಡೇಂಜರ್’ ಪದದ ಕಥೆ

ಮಕ್ಕಳೇ, ಊರ ಹೊರಗಿನ ಟ್ರಾನ್ಸ್‌ಫಾರ್ಮರನ್ನು ನೀವು ನೋಡಿದ್ದೀರಿ. ದೊಡ್ಡವರು ಅದನ್ನು ‘ಡಿ.ಪಿ.’ ಎನ್ನುತ್ತಾರೆ. ಅದರ ಕಂಬಕ್ಕೆ ತಗಡಿನ ಒಂದು ಫಲಕವನ್ನು ಕಟ್ಟಿರುತ್ತಾರೆ. ಅದರ ಮೇಲೆ ಕೆಂಪು ಅಕ್ಷರಗಳಿರುತ್ತವೆ. ಒಂದು ತಲೆಬುರುಡೆ ಮತ್ತು ಎರಡು ಎಲುಬುಗಳ ಚಿತ್ರವೂ ಇರುತ್ತದೆ. ಆ ಚಿತ್ರವನ್ನು ಕಂಡರೆ ಓದು ಬಾರದವರೂ ದೂರ ಸರಿಯುತ್ತಾರೆ.

ಈ ಫಲಕದ ಮೇಲಿನ ಸೂಚನೆಯು ಹಿಂದಿ ಅಥವಾ ಇಂಗ್ಲಿಷಿನಲ್ಲಿಯೂ ಜಿಲ್ಲೆಯ ಸ್ಥಳೀಯ ಭಾಷೆಯಲ್ಲಿಯೂ ಇರಬೇಕೆಂದು ನಮ್ಮ ದೇಶದಲ್ಲಿ ನಿಯಮವಿದೆ. ಆದ್ದರಿಂದ ನಮ್ಮ ಕಡೆಯ ಫಲಕಗಳ ಮೇಲೆ ಮರಾಠಿಯ ‘ಧೋಕಾ’, ಹಿಂದಿಯ ‘ಖತರಾ’, ಇಂಗ್ಲಿಷಿನ ‘ಡೇಂಜರ್’ ಎಂಬ ಪದಗಳು ಕಾಣುತ್ತವೆ. ‘ಡೇಂಜರ್’ ಎಂದರೇನು? ‘ಅಪಾಯ’ ಎಂದು ನೀವು ಕೂಡಲೇ ಹೇಳುವಿರಿ. ನಿಮ್ಮ ಉತ್ತರ ಸರಿ. ಆದರೆ ಮೊದಲು ಈ ಪದಕ್ಕೆ ಆ ಅರ್ಥ ಇರಲಿಲ್ಲ! ‘ಒಡೆಯನ ಅಧಿಕಾರ’ ಎಂಬುದೇ ಅದರ ಹಳೆಯ ಅರ್ಥ. ಒಡೆಯನ ಅಧಿಕಾರವು ಅಪಾಯವಾದದ್ದು ಹೇಗೆ? ಆ ಕಥೆಯನ್ನು ಕೇಳಿರಿ.

ಬಹಳ ಹಿಂದೆ ರೋಮ್ ನಗರದ ಜನರು ಲ್ಯಾಟಿನ್ ಭಾಷೆಯನ್ನು ಮಾತನಾಡುತ್ತಿದ್ದರು. ಆ ಭಾಷೆಯಲ್ಲಿ ‘ದೋಮುಸ್’ ಎಂದರೆ ಮನೆ, ‘ದೋಮಿನುಸ್’ ಎಂದರೆ ಒಡೆಯ. ಕಾಲ ಕಳೆದಂತೆ ಲ್ಯಾಟಿನ್ ಭಾಷೆಯಿಂದ ಫ್ರೆಂಚ್ ಭಾಷೆ ಹುಟ್ಟಿತು. ‘ದೋಮಿನುಸ್’ ಪದದಿಂದ ಬೆಳೆದ ಒಂದು ಪದವು ಹಳೆಯ ಫ್ರೆಂಚಿನಲ್ಲಿ ‘ದಾಂಜಿಯೆರ್’ ಆಯಿತು. ಒಡೆಯನಿಗೆ ತನ್ನ ಜನರ ಮೇಲಿದ್ದ ಅಧಿಕಾರವೇ ‘ದಾಂಜಿಯೆರ್’.

1066ರಲ್ಲಿ ಫ್ರಾನ್ಸಿನ ನಾರ್ಮಂಡಿ ಪ್ರದೇಶದ ಒಡೆಯನಾದ ವಿಲಿಯಂ ಸಮುದ್ರ ದಾಟಿ ಬಂದು ಇಂಗ್ಲೆಂಡನ್ನು ಗೆದ್ದನು. ಅವನೂ ಅವನ ಸರದಾರರೂ ಫ್ರೆಂಚ್ ಮಾತನಾಡುತ್ತಿದ್ದರು. ಹೊಲ ಉಳುವವರ ಮಾತು ಇಂಗ್ಲಿಷ್ ಆಗಿತ್ತು. ಆಳುವವರ ಭಾಷೆಯಿಂದ ನೂರಾರು ಪದಗಳು ಇಂಗ್ಲಿಷಿಗೆ ಬಂದವು. ಹೀಗೆ 13ನೆಯ ಶತಮಾನದಲ್ಲಿ ‘ಡೇಂಜರ್’ ಕೂಡ ಬಂದಿತು.

ಆ ಕಾಲದ ಒಬ್ಬ ಬಡ ರೈತನನ್ನು ನೆನೆಯಿರಿ. ಅವನು ಉಳುವ ನೆಲ ಒಡೆಯನದು. ತಪ್ಪು ಮಾಡಿದರೆ ದಂಡ ಹಾಕುವವನೂ ಒಡೆಯನೇ. ರೈತನು ‘ಒಡೆಯನ ಡೇಂಜರಿನಲ್ಲಿ’ ಇದ್ದಾನೆ ಎಂದರೆ ಅವನ ಹಿಡಿತದಲ್ಲಿ ಇದ್ದಾನೆ ಎಂದು ಅರ್ಥ. ಯಾವಾಗ ಏನು ಕೇಡಾಗುವುದೋ ಎಂಬ ಅಂಜಿಕೆ ಅವನಿಗೆ ಇದ್ದೇ ಇರುತ್ತಿತ್ತು. ‘ಅವನ ಕೈಗೆ ಸಿಕ್ಕರೆ ಮುಗಿಯಿತು’ ಎಂದು ನಾವೂ ಹೇಳುತ್ತೇವಲ್ಲವೇ? ಹಾಗೆಯೇ ಇದು.

ಕ್ರಮೇಣ ಜನರು ಒಡೆಯನನ್ನು ಮರೆತರು. ಅಂಜಿಕೆಯ ಅರ್ಥ ಮಾತ್ರ ಉಳಿಯಿತು. 14ನೆಯ ಶತಮಾನದ ಕೊನೆಯ ಹೊತ್ತಿಗೆ ಕೇಡು ತರುವ ಯಾವುದಕ್ಕಾದರೂ ‘ಡೇಂಜರ್’ ಎನ್ನುವುದು ರೂಢಿಯಾಗಿತ್ತು. ಆದರೂ ಹಳೆಯ ಅರ್ಥ ಕೂಡಲೇ ಅಳಿಯಲಿಲ್ಲ. 16ನೆಯ ಶತಮಾನದ ಕೊನೆಯಲ್ಲಿ ಶೇಕ್ಸ್‌ಪಿಯರ್ ಬರೆದ ‘ವೆನಿಸಿನ ವ್ಯಾಪಾರಿ’ ನಾಟಕದಲ್ಲಿ, ಸಾಲ ಕೊಟ್ಟವನ ಹಿಡಿತಕ್ಕೆ ಸಿಕ್ಕ ವ್ಯಾಪಾರಿಯ ಬಗ್ಗೆ ಈ ಪದವು ಹಳೆಯ ಅರ್ಥದಲ್ಲಿಯೇ ಬಂದಿದೆ.

ಇನ್ನೊಂದು ತಮಾಷೆ ಕೇಳಿರಿ. ‘ದೋಮಿನುಸ್’ ಎಂದರೆ ಒಡೆಯನಾದರೆ, ‘ದೋಮಿನಾ’ ಎಂದರೆ ಒಡತಿ. ‘ನನ್ನ ಒಡತಿ’ ಎಂಬ ಮಾತೇ ಫ್ರೆಂಚಿನಲ್ಲಿ ‘ಮಾದಾಮ್’ ಆಗಿ, ಇಂಗ್ಲಿಷಿನಲ್ಲಿ ‘ಮೇಡಂ’ ಆಯಿತು. ಅಂದರೆ ನೀವು ಶಾಲೆಯಲ್ಲಿ ಕರೆಯುವ ‘ಮೇಡಂ’ ಮತ್ತು ಕಂಬದ ಮೇಲಿನ ‘ಡೇಂಜರ್’ ಒಂದೇ ಮನೆತನದ ಪದಗಳು!

ಈಗ ಫಲಕದ ಉಳಿದ ಪದಗಳನ್ನು ನೋಡೋಣ. ‘ಖತರಾ’ ಅರಬ್ಬಿ ಮೂಲದ ಪದ. ‘ಧೋಕಾ’ ಎಂದರೆ ಕನ್ನಡದಲ್ಲಿ ನಾವು ಮೋಸ ಎಂದು ತಿಳಿಯುತ್ತೇವೆ. ಆದರೆ ಮರಾಠಿ ಫಲಕದ ‘ಧೋಕಾ’ ಮೋಸವಲ್ಲ, ಅಪಾಯ. ಇದನ್ನು ಮರೆಯಬೇಡಿರಿ. ‘ಅಪಾಯ’ ಸಂಸ್ಕೃತದಿಂದ ಬಂದ ಪದ. ‘ಅಪ’ ಎಂದರೆ ದೂರ, ‘ಅಯ’ ಎಂದರೆ ಹೋಗುವುದು. ಇದ್ದದ್ದು ನಮ್ಮಿಂದ ದೂರ ಹೋಗುವುದೇ ಅಪಾಯ. ‘ಉಪ’ ಎಂದರೆ ಹತ್ತಿರ. ಗುರಿಯ ಹತ್ತಿರಕ್ಕೆ ಒಯ್ಯುವುದು ಉಪಾಯ.

ಕಂಬದ ಬಳಿ ಇರುವ ಅಪಾಯ ಎಂಥದು? ನಮ್ಮ ಮನೆಗೆ ಬರುವ ವಿದ್ಯುತ್ತು 230 ವೋಲ್ಟ್. ಅಷ್ಟೇ ಜೀವ ತೆಗೆಯಬಲ್ಲದು. ಡಿ.ಪಿ.ಗೆ ಬರುವ ತಂತಿಯಲ್ಲಿ ಸಾಮಾನ್ಯವಾಗಿ 11,000 ವೋಲ್ಟ್ ಇರುತ್ತದೆ. ಅಂಥ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ತೀರ ಹತ್ತಿರ ಹೋದರೂ ಸಾಕು. ಮನೆಯ ವಿದ್ಯುತ್ ತಂತಿಯನ್ನು ಹಿಡಿದರೆ ಕೈಯ ಸ್ನಾಯುಗಳು ಬಿಗಿದುಕೊಳ್ಳಬಹುದು. ಆಗ ಬಿಡಬೇಕೆಂದರೂ ಕೈ ಬಿಡುವುದಿಲ್ಲ. ನೋಡಿದಿರಾ? ‘ಡೇಂಜರ್’ ಪದದ ಹಳೆಯ ಅರ್ಥ ಇಲ್ಲಿ ಮತ್ತೆ ನಿಜವಾಗುತ್ತದೆ. ಫಲಕವನ್ನು ಲೆಕ್ಕಿಸದೆ ಮುಂದೆ ಹೋದವನು ವಿದ್ಯುತ್ತಿನ ಹಿಡಿತಕ್ಕೆ ಸಿಗುತ್ತಾನೆ. ಅದು ದಯೆಯಿಲ್ಲದ ಒಡೆಯ.

ಅಪಾಯಕ್ಕೆ ಉಪಾಯವೂ ಇದೆ. ಗಾಳಿಪಟ ತಂತಿಗೆ ಸಿಕ್ಕಿದರೆ ಅದನ್ನು ಅಲ್ಲಿಯೇ ಬಿಡಿರಿ. ಕೋಲಿನಿಂದ ಎಳೆಯಬೇಡಿರಿ. ತಂತಿ ಹರಿದು ನೆಲಕ್ಕೆ ಬಿದ್ದಿದ್ದರೆ ದೂರ ನಿಲ್ಲಿರಿ, ಬೇರೆಯವರನ್ನೂ ತಡೆಯಿರಿ, ದೊಡ್ಡವರ ಮೂಲಕ ವಾಯರ್‌ಮನ್‌ಗೆ ತಿಳಿಸಿರಿ. ಯಾರಿಗಾದರೂ ಕರೆಂಟ್ ಹಿಡಿದಿದ್ದರೆ ಅವರನ್ನು ಮುಟ್ಟಬೇಡಿರಿ. ಗಟ್ಟಿಯಾಗಿ ಕೂಗಿ ದೊಡ್ಡವರನ್ನು ಕರೆಯಿರಿ.

ಗಾಳಿಪಟ ಮತ್ತೊಂದು ಸಿಗುತ್ತದೆ. ಜೀವ ಸಿಗುವುದಿಲ್ಲ.

ಅಭ್ಯಾಸ

1. ‘ಡೇಂಜರ್’ ಪದದ ಹಳೆಯ ಅರ್ಥವೇನು?
2. ‘ಧೋಕಾ’ ಪದಕ್ಕೆ ಕನ್ನಡದಲ್ಲಿ ಮತ್ತು ಮರಾಠಿಯಲ್ಲಿ ಇರುವ ಅರ್ಥಗಳನ್ನು ಬರೆಯಿರಿ.
3. ನಿಮ್ಮ ಊರಿನ ಅಪಾಯದ ಫಲಕವನ್ನು ದೂರದಿಂದ ನೋಡಿ ಅದರ ಚಿತ್ರ ಬರೆಯಿರಿ. ಅದರ ಮೇಲೆ ಎಷ್ಟು ಭಾಷೆಗಳಿವೆ ಎಂದು ಹೇಳಿರಿ.