ನಸುಕಿನ ನಾಲ್ಕು ಗಂಟೆಯ ಸೈಲೆನ್ಸರ್

ಅಮೆರಿಕದವರು ಮಫ್ಲರ್ ಎನ್ನುವ ವಾಹನದ ಭಾಗಕ್ಕೆ ನಮ್ಮಲ್ಲಿ ಸೈಲೆನ್ಸರ್ ಎಂದೇ ಹೆಸರು. ನಮಗೆ ಮಫ್ಲರ್ ಅಂದರೆ ಧನುರ್ಮಾಸದ ಚಳಿಗೆ ಕಿವಿ ಮುಚ್ಚುವಂತೆ ಸುತ್ತಿಕೊಳ್ಳುವ ಉಣ್ಣೆಯ ಪಟ್ಟಿ. ಕೊರಳಿನ ಮಫ್ಲರನ್ನು ಮನುಷ್ಯ ತನ್ನ ಕಿವಿಗಾಗಿ ಕೊಳ್ಳುತ್ತಾನೆ, ಗಾಡಿಯದನ್ನು ಮಂದಿಯ ಕಿವಿಗಾಗಿ. ದುಡ್ಡು ಬಿಚ್ಚುವವನು ಒಬ್ಬ, ಸುಖ ಉಣ್ಣುವವನು ಇನ್ನೊಬ್ಬ ಆದಾಗ ವ್ಯಾಪಾರ ಅಗ್ಗದ ಮಾಲಿನ ಕಡೆಗೆ ಜಾರುವುದು ಸಹಜ. ಹೈದರಾಬಾದಿನ ರಾಣಿಗಂಜ್‌ನ ಬಿಡಿಭಾಗದ ಅಂಗಡಿಗೋ ವನಸ್ಥಲಿಪುರಂನ ಆಟೋನಗರದ ಲಾರಿ ಶೆಡ್ಡಿಗೋ ತೂತುಬಿದ್ದ ಸೈಲೆನ್ಸರ್ ಬದಲಿಸಲು ಹೋದವನಿಗೆ ಹೊಳೆಯುವ ಪ್ರಶ್ನೆ ಎರಡು: ರೇಟು ಎಷ್ಟು, ಎಷ್ಟು ದಿನ ಬಾಳುತ್ತದೆ. ಗಾಡಿ ರಾತ್ರಿ ನಿಲ್ಲುವ ಗಲ್ಲಿಯಲ್ಲಿ ಮಲಗಿರುವವರಿಗೆ ಅದು ಹೇಗೆ ಕೇಳಿಸುತ್ತದೆ ಎಂಬುದು ಮೂರನೆಯ ಪ್ರಶ್ನೆ. ಅದೇ ಮೊದಲನೆಯದಾಗಬೇಕು, ಮತ್ತು ಅದಕ್ಕೆ ಉತ್ತರ ಡಬ್ಬಿಯ ಮೇಲೆ ಅಚ್ಚಾದ ಡೆಸಿಬಲ್ ಸಂಖ್ಯೆಯಲ್ಲಿ ಸಿಗುವುದಿಲ್ಲ ಎಂಬುದು ನನ್ನ ವಾದ.

ಮೊದಲು ಯಾವ ಗಾಡಿಯ ಮಾತು ಎಂಬುದು ಸ್ಪಷ್ಟವಾಗಲಿ. ಹಗಲು ಹೊತ್ತು ಭಾರೀ ಲಾರಿಗಳಿಗೆ ನಗರದೊಳಗೆ ನಿರ್ಬಂಧವಿದೆ. 158 ಕಿಲೋಮೀಟರಿನ ಹೊರವರ್ತುಲ ರಸ್ತೆ ಅವುಗಳಲ್ಲಿ ಬಹಳಷ್ಟನ್ನು ಊರಾಚೆಗೇ ಸುತ್ತಿಸಿ ಕಳಿಸುತ್ತದೆ. ಸೋಲಾಪುರ, ಹುಮನಾಬಾದ್, ಜಹೀರಾಬಾದ್ ದಾಟಿ ಬರುವ ಹತ್ತು ಚಕ್ರದ ಲಾರಿ ಸದ್ದು ಮಾಡಿದರೂ ಅದು ಹೆದ್ದಾರಿಯ ಸದ್ದು, ಹಾದುಹೋಗುವ ಸದ್ದು. ನೆರೆಯವರ ನಿದ್ದೆಗೆ ನಿಜವಾಗಿ ಸಂಬಂಧಪಡುವುದು ಮನೆ ಮುಂದೆ ಮಲಗುವ ಸಣ್ಣ ಸರಕು ಗಾಡಿ. 2005ರಲ್ಲಿ ಬಂದ ಟಾಟಾ ಏಸ್, ಅಂದರೆ ಜನರ ಬಾಯಿಯ 'ಛೋಟಾ ಹಾತಿ', ಅದರ ಹಿಂದೆ ಬಂದ ಪಿಕಪ್‌ಗಳು, ಮತ್ತು ತೆಲಂಗಾಣದವರು ಯಾವ ಕಂಪನಿಯದಾದರೂ 'ಡಿಸಿಎಂ' ಎಂದೇ ಕರೆಯುವ ಮಧ್ಯಮ ಲಾರಿ. (ಡಿಸಿಎಂ ಟೊಯೋಟಾ ಎಂಬ ಕಂಪನಿ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಗಾಡಿಯ ಜಾತಿಯೇ ಆಗಿ ಉಳಿಯಿತು.) ಬೋಯಿನಪಲ್ಲಿಯ ತರಕಾರಿ ಮಾರುಕಟ್ಟೆಯಿಂದ ಮಾಲು ತರಬೇಕಾದವನು ನಸುಕಿನಲ್ಲೇ ಗಾಡಿ ಹೊರಡಿಸಬೇಕು. ಅದು ಅವನ ಅನ್ನ. ಅದೇ ಹೊತ್ತು ಊರು ಅತಿ ಮೌನವಾಗಿರುವ ಹೊತ್ತೂ ಹೌದು.

ಕಾನೂನು ಸಂಖ್ಯೆಗಳ ಬಗ್ಗೆ ಜಿಪುಣತನ ಮಾಡಿಲ್ಲ. 2005ರಿಂದ ಜಾರಿಯಲ್ಲಿರುವ ಮಿತಿಯ ಪ್ರಕಾರ ಹೊಸ ಭಾರೀ ಲಾರಿಯ ಸದ್ದು 80 ಡೆಸಿಬಲ್ ಮೀರಬಾರದು, ಸಣ್ಣ ಸರಕು ಗಾಡಿಗೆ ಅದಕ್ಕಿಂತ ಮೂರೋ ನಾಲ್ಕೋ ಕಡಿಮೆ. ಆದರೆ ಅಳೆಯುವ ಜಾಗ ಯಾವುದು? ತಡೆಯಿಲ್ಲದ ಬಯಲು, ಗಾಡಿ ಸಾಗುವ ಗೆರೆಯಿಂದ ಏಳೂವರೆ ಮೀಟರ್ ದೂರದಲ್ಲಿ ಮೈಕು. ಏಳೂವರೆ ಮೀಟರ್ ಅಂದರೆ ಸುಮಾರು ಇಪ್ಪತ್ತನಾಲ್ಕೂವರೆ ಅಡಿ. ಇಪ್ಪತ್ತಡಿ ಅಗಲದ ಗಲ್ಲಿಯ ನಡುವೆ ಗಾಡಿ ನಿಂತಿದೆ ಎಂದುಕೊಳ್ಳಿ. ಎದುರು ಮನೆಯ ಗೋಡೆಗೆ ಹತ್ತೇ ಅಡಿ. ಪರೀಕ್ಷೆಯ ಮೈಕನ್ನು ನಿಯಮದಂತೆ ಇಡಬೇಕೆಂದರೆ ಆ ಮನೆಯೊಳಗೆ ಹದಿನಾಲ್ಕಡಿ ನುಗ್ಗಿ ಮಂಚದ ಪಕ್ಕ ಇಡಬೇಕಾದೀತು. ದೂರ ಅರ್ಧಕ್ಕಿಳಿದರೆ ಬಯಲಿನಲ್ಲೇ ಸದ್ದು ಆರು ಡೆಸಿಬಲ್ ಏರುತ್ತದೆ. ಎರಡು ಬದಿಯ ಗೋಡೆಗಳು ಅದನ್ನು ಹಿಂದಕ್ಕೂ ಮುಂದಕ್ಕೂ ಎಸೆದಾಡುವುದು ಬೇರೆ ಲೆಕ್ಕ. ಇತ್ತ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಗೊತ್ತುಮಾಡಿವೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿನ ರಾತ್ರಿ ವಾಹನ ಸದ್ದಿಗೆ ಸೂಚಿಸಿದ ಸಂಖ್ಯೆಯೂ ನಲವತ್ತೈದೇ. ಆದರೆ ಇವೆಲ್ಲ ಸರಾಸರಿಗಳು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2011ರಲ್ಲಿ ಆರಂಭಿಸಿದ ಶಬ್ದಮಾಪನ ಜಾಲದಲ್ಲಿ ಹೈದರಾಬಾದೂ ಸೇರಿದೆ. ಆಬಿಡ್ಸ್, ಪ್ಯಾರಡೈಸ್, ಪಂಜಗುಟ್ಟ, ತಾರ್ನಾಕಗಳಲ್ಲಿ ಯಂತ್ರಗಳಿವೆ. ಅವು ಊರಿನ ಒಟ್ಟಾರೆ ಗದ್ದಲ ಹೇಳುತ್ತವೆ. ನಾಲ್ಕು ಗಂಟೆಗೆ ಎರಡು ನಿಮಿಷ ಗುಡುಗಿ ಹೋದ ಗಾಡಿ ಎಂಟು ಗಂಟೆಯ ಸರಾಸರಿಯಲ್ಲಿ ಕರಗಿಹೋಗುತ್ತದೆ. ಎಚ್ಚರಗೊಂಡ ಮಗು ಮಾತ್ರ ಸರಾಸರಿಯಲ್ಲಿ ಕರಗುವುದಿಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ, ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಅದೇ. ಡೆಸಿಬಲ್ ಪಕ್ಕದಲ್ಲಿ 'ಎ' ಎಂಬ ಅಕ್ಷರ ಇರುತ್ತದೆ. ಮನುಷ್ಯನ ಕಿವಿ ತಗ್ಗು ಸ್ವರಕ್ಕೆ ಮಂದ, ನಡುಸ್ವರಕ್ಕೆ ಚುರುಕು. ಆದ್ದರಿಂದ ಯಂತ್ರವೂ ತಗ್ಗು ಸ್ವರಗಳಿಗೆ ಕಡಿಮೆ ಅಂಕ ಕೊಡಲಿ ಎಂದು ಮಾಡಿಕೊಂಡ ಏರ್ಪಾಡು ಅದು. ಸೆಕೆಂಡಿಗೆ ಮೂವತ್ತರ ಆಸುಪಾಸಿನ ಕಂಪನವಿರುವ ಸದ್ದಿನಿಂದ ಈ ಲೆಕ್ಕ ಸುಮಾರು 39 ಡೆಸಿಬಲ್ ಕಳೆದುಬಿಡುತ್ತದೆ, ಅರವತ್ತರ ಹತ್ತಿರ ಸುಮಾರು 26. ಈಗ ಎಂಜಿನ್ ನೋಡಿ. ಮೊದಲ ಏಸ್‌ನದು 702 ಸಿಸಿಯ ಎರಡು ಸಿಲಿಂಡರಿನ ಡೀಸೆಲ್. ನಿಂತಲ್ಲೇ ನಿಮಿಷಕ್ಕೆ ಒಂಬೈನೂರು ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಹದಿನೈದು ಹೊಡೆತ. ಅದರ ಜೊತೆಗೆ ಮೂವತ್ತು, ನಲವತ್ತೈದು, ಅರವತ್ತರ ಮರಿಸ್ವರಗಳು. ಅದೇ ವೇಗದಲ್ಲಿ ನಾಲ್ಕು ಸಿಲಿಂಡರಿನ ಡಿಸಿಎಂ ಆದರೆ ಮೂವತ್ತು ಹೊಡೆತ. ಅಂದರೆ ಸದ್ದಿನ ಬಹುಪಾಲು ಇರುವುದು ಮೀಟರು ಕಣ್ಣುಮುಚ್ಚಿಕೊಳ್ಳುವ ಜಾಗದಲ್ಲಿಯೇ. ಮೂವತ್ತರ ಅಲೆಯೊಂದರ ಉದ್ದ ಸುಮಾರು ಹನ್ನೊಂದು ಮೀಟರ್. ಇಟ್ಟಿಗೆ ಗೋಡೆ, ಮುಚ್ಚಿದ ಕಿಟಕಿ ಅದಕ್ಕೆ ಲೆಕ್ಕವೇ ಅಲ್ಲ. ಕಿಟಕಿಯ ಗಾಜು ಗಿರಗುಟ್ಟುವುದು, ಶೆಲ್ಫಿನ ಸ್ಟೀಲ್ ಲೋಟ ಸಣ್ಣಗೆ ನಡುಗುವುದು ಇದರಿಂದ. ಮೀಟರಿನಲ್ಲಿ ಒಂದೇ ಅಂಕ ತೋರುವ ಎರಡು ಸೈಲೆನ್ಸರುಗಳಲ್ಲಿ ಒಂದು ನೆರೆಯವರನ್ನು ಮಲಗಲು ಬಿಡಬಹುದು, ಇನ್ನೊಂದು ಎದೆಯೊಳಗೆ ಗುಂಯ್‌ಗುಡಬಹುದು.

ಹಾಗಾದರೆ ಡಬ್ಬಿಯೊಳಗೆ ಏನಿರಬೇಕು? ಸೈಲೆನ್ಸರ್ ಸದ್ದನ್ನು ಕೊಲ್ಲುವ ದಾರಿ ಮುಖ್ಯವಾಗಿ ಎರಡು. ಒಂದು ಕೋಣೆಗಳ ದಾರಿ: ಇಕ್ಕಟ್ಟಿನ ಕೊಳವೆಯಿಂದ ಅಗಲವಾದ ಕೋಣೆಗೆ ಬಂದ ಅಲೆ ಗೋಡೆಗೆ ಬಡಿದು ಹಿಂದಿರುಗಿ, ಎದುರು ಬರುವ ಅಲೆಯೊಡನೆ ಸೆಣಸಿ ಎರಡೂ ಕುಗ್ಗುತ್ತವೆ. ಇನ್ನೊಂದು ಹೀರುವ ದಾರಿ: ಉದ್ದಕ್ಕೂ ತೂತುಗಳಿರುವ ನೇರ ಕೊಳವೆಗೆ ಗ್ಲಾಸ್‌ವುಲ್ ಸುತ್ತಿ, ಸದ್ದನ್ನು ಅದರ ಎಳೆಗಳಲ್ಲಿ ಉಜ್ಜಿ ಶಾಖವಾಗಿಸುವುದು. ಹೀರುವ ದಾರಿ ಕೀಚಲು, ಸಿಳ್ಳೆ, ಭುಸ್ಸೆನ್ನುವ ಸದ್ದುಗಳಿಗೆ ಒಳ್ಳೆಯದು. ಗುಡುಗಿಗೆ ಅದು ನಿಷ್ಪ್ರಯೋಜಕ. ಗುಡುಗಿಗೆ ಬೇಕಾದ್ದು ಜಾಗ, ದೊಡ್ಡ ಹೊಟ್ಟೆಯ ಡಬ್ಬಿ. ಇಷ್ಟು ತಿಳಿದರೆ ಅಂಗಡಿಯಲ್ಲಿ ಕಣ್ಣೇ ಅರ್ಧ ಪರೀಕ್ಷೆ ಮಾಡುತ್ತದೆ. ಕೊಳವೆಯ ಒಂದು ತುದಿಯಿಂದ ನೋಡಿದರೆ ಇನ್ನೊಂದು ತುದಿಯ ಬೆಳಕು ನೇರವಾಗಿ ಕಾಣುತ್ತಿದ್ದರೆ ಒಳಗೆ ಕೋಣೆಗಳಿಲ್ಲ. ಉಣ್ಣೆ ಬಿಸಿಗೆ ಪುಡಿಯಾಗಿ ಹಾರಿಹೋದಂತೆಲ್ಲ ಅದು ದಿನದಿನಕ್ಕೆ ಗಂಟಲು ದೊಡ್ಡದು ಮಾಡಿಕೊಳ್ಳುತ್ತದೆ. ಬೆರಳಿನಿಂದ ತಟ್ಟಿದಾಗ ಡಬರಿಯಂತೆ ಠಣ್ಣೆಂದರೆ ತಗಡು ತೆಳ್ಳಗಿದೆ, ಡಬ್ಬಿಯ ಮೈಯೇ ಸದ್ದು ಮಾಡುತ್ತದೆ. ಹಳೆಯದಕ್ಕಿಂತ ಗಾತ್ರದಲ್ಲಿ ಸಣ್ಣದು, ತೂಕದಲ್ಲಿ ಹಗುರ ಎಂದರೆ ಉಳಿತಾಯ ಎಲ್ಲಿ ಆಗಿದೆ ಎಂದು ಕೇಳಲೇಬೇಕಿಲ್ಲ. ಒಳಬರುವ ಕೊಳವೆಯ ವ್ಯಾಸ ಮೂಲದಷ್ಟೇ ಇರಬೇಕು. ತುದಿಯ ಬಾಯಿಯನ್ನು ನೆಲಕ್ಕೆ ಬಾಗಿಸಿದರೆ ಸದ್ದು ಇಳಿಯುತ್ತದೆ ಎಂಬ ಮಾತಿಗೆ ಮರುಳಾಗಬೇಡಿ. ಭುಸ್ಸೆನ್ನುವುದು ಕೊಂಚ ತಗ್ಗೀತು, ನೆರೆಮನೆಯ ಗೋಡೆಗೆ ಮಸಿ ಹಿಡಿಯುವುದು ತಪ್ಪೀತು; ಗುಡುಗಿಗೆ ದಿಕ್ಕಿಲ್ಲ, ಅದು ಎಲ್ಲ ಕಡೆಗೂ ಹರಡುತ್ತದೆ.

ಮೈಲೇಜಿನ ಮಾತು ಇಲ್ಲಿ ಬಂದೇ ಬರುತ್ತದೆ. ಸೈಲೆನ್ಸರ್ ಎಂಜಿನ್ನಿನ ಉಸಿರು ಕಟ್ಟುತ್ತದೆ, ಒಳಗಿನ ತಗಡು ಕಿತ್ತರೆ ಡೀಸೆಲ್ ಉಳಿಯುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾನೆ. ಪೂರ್ತಿ ಸುಳ್ಳಲ್ಲ. ಮಸಿ ಕಟ್ಟಿ, ಒಳತಗಡು ಮುರಿದು ಅಡ್ಡಬಿದ್ದ ಹಳೆಯ ಸೈಲೆನ್ಸರ್ ಹೊಗೆಯನ್ನು ತಡೆಹಿಡಿದು ಎಂಜಿನ್ನಿಗೆ ಭಾರವಾಗುವುದು ನಿಜ. ಆದರೆ ಅದು ಹೊಸದನ್ನು ಹಾಕಿಸಲು ಕಾರಣವೇ ಹೊರತು ಖಾಲಿ ಡಬ್ಬಿ ಹಾಕಿಸಲು ಅಲ್ಲ. ಸರಿಯಾಗಿರುವ ಮೂಲ ಸೈಲೆನ್ಸರಿನ ತಡೆ ಎಷ್ಟಿರಬೇಕೆಂದು ಲೆಕ್ಕಹಾಕಿಯೇ ಎಂಜಿನ್ ಕಟ್ಟಿರುತ್ತಾರೆ. ಕೂಕಟ್‌ಪಲ್ಲಿಯಿಂದ ಬೇಗಂಬಜಾರಿಗೆ ಸಿಗ್ನಲ್ಲಿಗೊಮ್ಮೆ ನಿಂತು ಹೋಗುವ ಗಾಡಿಯಲ್ಲಿ ಒಳತಗಡು ಕಿತ್ತು ಉಳಿಸುವ ಡೀಸೆಲ್‌ಗಿಂತ ಟೈರಿನ ಗಾಳಿ ಸರಿಯಿಟ್ಟರೆ ಉಳಿಯುವುದೇ ಹೆಚ್ಚು. ಸದ್ದು ಜೋರಾದಾಗ ಗಾಡಿ ಜೋರಾಗಿ ಎಳೆಯುತ್ತಿದೆ ಎಂದು ಅನ್ನಿಸುವುದಂತೂ ಉಂಟು. ಅನ್ನಿಸುವುದು ಕಿವಿಗೆ, ಚಕ್ರಕ್ಕಲ್ಲ.

ಸದ್ದಿದ್ದರೆ ಜನ ದಾರಿ ಬಿಡುತ್ತಾರೆ, ಅಪಘಾತ ತಪ್ಪುತ್ತದೆ ಎನ್ನುವುದು ಬುಲೆಟ್ ಸವಾರರ ವಾದ; ಲಾರಿಯವರೂ ಅದನ್ನು ಎರವಲು ತಂದಿದ್ದಾರೆ. ಆದರೆ ಹೊಗೆಕೊಳವೆಯ ಬಾಯಿ ಹಿಂದಕ್ಕೋ ಪಕ್ಕಕ್ಕೋ ಇರುತ್ತದೆ, ಅಪಾಯದಲ್ಲಿರುವವನು ಮುಂದಿರುತ್ತಾನೆ. ಎಚ್ಚರಿಸಬೇಕಾದವನಿಗೆ ಕಡಿಮೆ, ದಾಟಿಹೋದವನಿಗೆ ಹೆಚ್ಚು ಕೇಳಿಸುವ ಎಚ್ಚರಿಕೆಯನ್ನು ಎಚ್ಚರಿಕೆ ಎನ್ನಲಾಗದು. ಊರೇ ಗದ್ದಲದಲ್ಲಿರುವಾಗ, ಮದುವೆಯ ಬಾರಾತಿನ ಡಿಜೆ, ಹಾರ್ನು, ಜನರೇಟರುಗಳ ನಡುವೆ ಒಂದು ಸೈಲೆನ್ಸರಿನಿಂದ ಏನಾಗುತ್ತದೆ ಎಂಬ ಆಕ್ಷೇಪಕ್ಕೆ ಹೆಚ್ಚಿನ ತೂಕವಿದೆ. ಹಗಲಿನ ಮಟ್ಟಿಗೆ ಅದನ್ನು ಒಪ್ಪುತ್ತೇನೆ. ಸಂಜೆ ಆರಕ್ಕೆ ಪಂಜಗುಟ್ಟದಲ್ಲಿ ನಿಮ್ಮ ಪಿಕಪ್ ಯಾರಿಗೂ ಕೇಳಿಸುವುದಿಲ್ಲ. ಆದರೆ ಸದ್ದು ಹತ್ತು ಡೆಸಿಬಲ್ ಏರಿದರೆ ಕಿವಿಗೆ ಇಮ್ಮಡಿಯಾದಂತೆ ಕೇಳುತ್ತದೆ ಎಂಬುದು ಸ್ಥೂಲ ಲೆಕ್ಕ. ನಲವತ್ತರ ಮೌನದ ಗಲ್ಲಿಯಲ್ಲಿ ಎಂಬತ್ತರ ಸದ್ದು ಎದ್ದರೆ ಎರಡಲ್ಲ, ಹದಿನಾರು ಪಟ್ಟು. ಬಾರಾತು ವರ್ಷಕ್ಕೆ ನಾಲ್ಕು ದಿನ, ತರಕಾರಿ ಗಾಡಿ ದಿನವೂ.

ಉಳಿದದ್ದು ಬಡವನ ಜೇಬಿನ ಮಾತು. ಕಂಪನಿಯ ಸೈಲೆನ್ಸರ್ ದುಬಾರಿ, ಲೋಕಲ್ ಮಾಲು ಅಗ್ಗ. ಕಂತು ಕಟ್ಟಿ ಮಿಕ್ಕಿದ್ದರಲ್ಲಿ ಮನೆ ನಡೆಸುವವನಿಗೆ ನೆರೆಯವರ ನಿದ್ದೆಯ ಲೆಕ್ಕ ಹೇಳುವುದು ಸುಲಭವಲ್ಲ. ಇದಕ್ಕೆ ಉಪದೇಶ ಉತ್ತರವಾಗದು, ಗ್ಯಾಸ್ಕೆಟ್ ಉತ್ತರವಾದೀತು. ಸೈಲೆನ್ಸರ್ ಹೋಯಿತು ಎಂದು ತೀರ್ಮಾನಿಸುವ ಮುನ್ನ ನೋಡಬೇಕಾದ್ದು ಕೊಳವೆಗಳು ಕೂಡುವ ಫ್ಲಾಂಜಿನ ಗ್ಯಾಸ್ಕೆಟ್ಟು, ಸಡಿಲವಾದ ಕ್ಲಾಂಪು, ಹರಿದ ರಬ್ಬರು. ಗ್ಯಾಸ್ಕೆಟ್ಟಿನಲ್ಲಿ ಸೋರಿದ ಹೊಗೆ ಸೈಲೆನ್ಸರ್ ಮುಟ್ಟುವ ಮೊದಲೇ ಚಟಪಟ ಸಿಡಿಯುತ್ತದೆ. ಎಂಥ ಉತ್ತಮ ಡಬ್ಬಿ ಹಾಕಿದರೂ ಆ ಸದ್ದು ಹೋಗದು. ರಬ್ಬರು ಹರಿದರೆ ಕೊಳವೆ ಚಾಸಿಗೆ ತಗುಲಿ ಇಡೀ ಗಾಡಿಯೇ ನಗಾರಿ. ಇವೆಲ್ಲ ಸಣ್ಣ ಖರ್ಚಿನ ಕೆಲಸ. ಇಷ್ಟಾದ ಮೇಲೂ ಡಬ್ಬಿಯೇ ಬೇಕೆಂದರೆ ಕಂಪನಿಯದೋ, ಅದರ ಗಾತ್ರ, ತೂಕ, ಕೋಣೆ ಎಲ್ಲ ಹೊಂದುವ ಮಾಲೋ ಇರಲಿ.

ಕಾನೂನಿನ ಭಯದ ಬಗ್ಗೆ ಚಿಕ್ಕದಾಗಿ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ; ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿತು. ಶಬ್ದ, ಹೊಗೆಯ ಮಿತಿ ಮೀರಿದರೆ 190ನೆಯ ಕಲಮಿನಡಿ ಹತ್ತು ಸಾವಿರದವರೆಗೂ ದಂಡ ಹಾಕಬಹುದು. ಸದ್ದಿಗಾಗಿಯೇ ಮಾಡಿದ ಇಂದೋರಿ, ಪಂಜಾಬಿ ಎಂಬ ಹೆಸರಿನ ಬುಲೆಟ್ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹರಿಸುವ ದೃಶ್ಯವನ್ನು ಪತ್ರಿಕೆ ಓದುವವರೆಲ್ಲ ಕಂಡಿದ್ದಾರೆ. ಸರಕು ಗಾಡಿಯವರಿಗೆ ಅದಕ್ಕಿಂತ ದೊಡ್ಡ ತಿರುವು 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್-6 ಎಂಬ ಹೊಗೆ ನಿಯಮ. ಆಮೇಲಿನ ಡೀಸೆಲ್ ಗಾಡಿಯಲ್ಲಿ ಹೊಗೆಕೊಳವೆ ಬರೀ ಕೊಳವೆಯಲ್ಲ. ಮಸಿ ಹಿಡಿಯುವ ಜಾಲರಿ, ರಾಸಾಯನಿಕ ಶುದ್ಧಿಯ ಡಬ್ಬಿ, ಸೆನ್ಸರುಗಳೆಲ್ಲ ಅದರಲ್ಲೇ. ಅದನ್ನು ಕತ್ತರಿಸಿ ಖಾಲಿ ಪೈಪು ಬೆಸೆದರೆ ಸದ್ದಿನ ಜೊತೆ ಹೊಗೆಯನ್ನೂ ನೆರೆಮನೆಗೆ ಕಳಿಸಿದಂತೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಸಾರಿದೆ.

ಹೊಸ ಸೈಲೆನ್ಸರ್ ಹಾಕಿಸಿದ ಮೇಲೆ ಪರೀಕ್ಷೆ ಶೆಡ್ಡಿನಲ್ಲಿ ಬೇಡ. ಆಟೋನಗರದ ಸುತ್ತಿಗೆ ಸದ್ದಿನ ನಡುವೆ ಎಲ್ಲ ಸೈಲೆನ್ಸರೂ ಸಾಧುವೇ. ರಾತ್ರಿ ಗಲ್ಲಿಯಲ್ಲಿ ಗಾಡಿ ಶುರುಮಾಡಿಸಿ ನೆರೆಮನೆಯ ಗೇಟಿನ ಬಳಿ ನಿಂತು ಕೇಳಬೇಕು. ಫೋನಿನ ಆ್ಯಪು ನಿಖರವಲ್ಲ, ಆದರೆ ಅದೇ ಫೋನು, ಅದೇ ಜಾಗ ಎಂದಾದರೆ ಹಳೆಯದಕ್ಕೂ ಹೊಸದಕ್ಕೂ ಇರುವ ಅಂತರ ತಿಳಿಯುತ್ತದೆ. 'ಎ' ಬದಲು 'ಸಿ' ಲೆಕ್ಕ ಇಟ್ಟರೆ ಗುಡುಗೂ ಸಿಕ್ಕಿಬೀಳುತ್ತದೆ. ರಾತ್ರಿಯೇ ಗಾಡಿಯ ಮುಖವನ್ನು ರಸ್ತೆಗೆ ತಿರುಗಿಸಿ ನಿಲ್ಲಿಸಿದರೆ ನಸುಕಿನಲ್ಲಿ ಹಿಂದೆ ಮುಂದೆ ಮಾಡುವ ರಗಳೆ ಇಲ್ಲ. ಈಗಿನ ಎಂಜಿನ್ನಿಗೆ ಅರ್ಧ, ಒಂದು ನಿಮಿಷದ ಬಿಸಿ ಸಾಕು. ಚಹಾ ಕುಡಿಯುವಷ್ಟು ಹೊತ್ತು ಅದನ್ನು ಗುರುಗುಟ್ಟಿಸುವುದು ಬರೀ ಹಳೆಯ ಅಭ್ಯಾಸ. ಇನ್ನು ರಿವರ್ಸ್ ಹಾಕಿದಾಗ ಸಿನಿಮಾ ಹಾಡು ನುಡಿಸುವ ಆ ಪುಟ್ಟ ಪೆಟ್ಟಿಗೆಗೆ ಯಾವ ಸೈಲೆನ್ಸರೂ ಇಲ್ಲ. ಅದರ ವೈರು ಮಾತ್ರ ಸೀಟಿನ ಹಿಂದೆಯೇ ಎಲ್ಲೋ ಇರುತ್ತದೆ.